ಏಕಾದಶಿ ಮಾಡುತ್ತಿದ್ದ ನಾಯಿ

ಹೋದ ವರ್ಷ ಇದೇ ಅಂಕಣದಲ್ಲಿ ನಾನೊಂದು ಸುಳ್ಳು ಬರೆದಿದ್ದೆ. ಬೇಕಂತ ಬರೆದದ್ದಲ್ಲ. ಆದರೂ ಸುಳ್ಳು ಸುಳ್ಳೇ. ಇವತ್ತು ಅದನ್ನು ವಾಪಸ್ ತೆಗೆದುಕೊಳ್ಳಬೇಕಾಗಿದೆ.

ನೆನಪಿದೆಯಾ ನಿಮಗೆ? ನಮ್ಮ ಮನೆಯ ಪೊಮೆರೇನಿಯನ್ ನಾಯಿ ಏಕಾದಶಿ ಉಪವಾಸ ಮಾಡುತ್ತದೆ ಅಂತ ಬರೆದಿದ್ದೆ. ನೀವೆಲ್ಲ ಎಷ್ಟು ಮೆಚ್ಚಿಕೊಂಡಿರಿ! ಆ ವಾರ ಬಂದಷ್ಟು ಫೋನು ನನಗೆ ಯಾವತ್ತೂ ಬಂದಿಲ್ಲ. (ಬಳ್ಳಾರಿ ಬಿಸಿಲು, ಆಟೋ ಜಗಳ, ನಲ್ಲಿ ನೀರು ಅಂತ ಇಷ್ಟು ವರ್ಷ ಬರೆದೆನಲ್ಲ, ಆಗೆಲ್ಲ ಎಲ್ಲಿದ್ದಿರಿ?) ಒಬ್ಬ ತಾಯಿ ಮೋಕದಿಂದ ಬಸ್ ಹತ್ತಿ ಬಂದೇಬಿಟ್ಟರು. ಬಾಳೆಹಣ್ಣು ತಂದಿದ್ದರು. ನಾಯಿಗೆ ಕೈ ಮುಗಿದು, ಬರೆದ ನನ್ನ ಮುಖ ಸಹ ನೋಡದೆ ಹೊರಟು ಹೋದರು.

ಅವರ ಅಡ್ರೆಸ್ಸು ನನ್ನ ಹತ್ತಿರ ಇಲ್ಲ. ಇದನ್ನು ಓದುತ್ತಿದ್ದರೆ ಅಮ್ಮಾ, ನನ್ನ ತಪ್ಪು ಹೊಟ್ಟೆಗೆ ಹಾಕಿಕೊಳ್ಳಿ. ಆ ನಾಯಿ ಉಪವಾಸ ಮಾಡುತ್ತಿರಲಿಲ್ಲ.

ಮೊದಲಿಂದ ಹೇಳುತ್ತೇನೆ. ನಮ್ಮ ಮನೆಯವರು ಸಿರುಗುಪ್ಪದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಊಟದ ಬ್ಯಾಗಿನಲ್ಲಿ ಒಂದು ಬಿಳಿ ಉಂಡೆ ತಂದರು. ಸಹೋದ್ಯೋಗಿಯ ಮನೆಯ ನಾಯಿ ಮರಿ ಹಾಕಿತ್ತಂತೆ. "ಸುಮ್ಮನ ನೋಡ್ಲಿಕ್ಕೆ ಹೋಗಿದ್ದೆ. ಮೋಕಾ ದಾಟೋದ್ರೊಳಗ ಬ್ಯಾಗ್ ಬಿಟ್ಟು ನನ್ನ ಅಂಗಿಯೊಳಗ ಬಂದು ಮಲ್ಕೊಂಡದ. ಏನ್ ಮಾಡ್ಲಿ?" ಅಂದರು. ನೋಡಲಿಕ್ಕೆ ಹೋದವರು ಬ್ಯಾಗಿನಲ್ಲಿ ಹಾಕಿಕೊಂಡು ಯಾಕೆ ಬಂದರು ಅಂತ ನಾನು ಕೇಳಲಿಲ್ಲ. ಬೆಣ್ಣಿ ಅನ್ನುವ ಹೆಸರೂ ಬಸ್ಸಿನಲ್ಲೇ ಇಟ್ಟಾಗಿತ್ತು.

ಆದರೆ ನಮ್ಮದು ಮಡಿಯ ಮನೆ. ಸರಿಯಾಗಿ ಹೇಳಬೇಕೆಂದರೆ ನಮ್ಮ ಅತ್ತೆಯವರ ಮಡಿ, ನಮ್ಮ ಮನೆ. ಅವರಿಗೆ ಎಂಬತ್ತೊಂದು ವರ್ಷ. ಮಡಿ ಸೀರೆಯನ್ನು ಕೋಲಿನಲ್ಲಿ ಎತ್ತಿ ತೆಗೆಯುವವರು. ಅಡಿಗೆ, ಪೂಜೆ ಮುಗಿಯುವ ತನಕ ನಾನು ಸಹ ಅವರಿಗೆ ತಗಲುವಂತಿಲ್ಲ. ಮೂವತ್ತು ವರ್ಷದಿಂದ ನಾನು ನನ್ನದೇ ಅಡಿಗೆಮನೆಯಲ್ಲಿ ಗೋಡೆ ಸವರಿಕೊಂಡು ಓಡಾಡಿದ್ದೇನೆ. ಇಂಥವರ ಎದುರಿಗೆ ನಾಯಿ!

"ಸೀನಾ, ಇದು ನಡುಮನಿಗೆ ಬಂದ್ರ ನಾ ಹೊರಗ ಹೋಗ್ತೀನಿ, ನೋಡು" ಅಂದರು ಮಗನಿಗೆ. ಬೆಣ್ಣಿಗೆ ವರಾಂಡ ಗತಿಯಾಯಿತು. ಎರಡು ವರ್ಷ ಅದು ಅಲ್ಲೇ ಬೆಳೆಯಿತು, ಅಲ್ಲೇ ಮಲಗಿತು, ಒಳಗಿನ ಪ್ರಪಂಚವನ್ನು ಜಾಲರಿ ಬಾಗಿಲಿನಿಂದ ನೋಡಿತು.

ಆಮೇಲೆ ಅದರ ಏಕಾದಶಿ ಶುರುವಾಯಿತು.

ಏಕಾದಶಿಯ ದಿನ ನಮ್ಮ ಮನೆಯಲ್ಲಿ ಅನ್ನಕ್ಕೆ ಇಡುವುದಿಲ್ಲ. ಬೇರೆ ದಿನ ಬೆಣ್ಣಿಗೆ ಮೊಸರನ್ನ. ಅವತ್ತು ಮಾತ್ರ ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ಟಿನ ಗಟ್ಟಿ ಕಾಳು. ಒಂದು ಏಕಾದಶಿ ಸಂಜೆ ನೋಡಿದರೆ ಬಟ್ಟಲಲ್ಲಿ ಹಾಕಿದ ಕಾಳು ಹಾಕಿದ ಹಾಗೇ ಇದೆ. ಹದಿನೈದು ದಿನ ಬಿಟ್ಟು ಮುಂದಿನ ಏಕಾದಶಿ. ಮತ್ತೆ ಹಾಗೇ. ಮೂಸಿ ನೋಡುವುದು, ಹಿಂದಕ್ಕೆ ಸರಿಯುವುದು, ಮೂಲೆಯಲ್ಲಿ ಹೋಗಿ ಮಲಗುವುದು. ದ್ವಾದಶಿ ಬೆಳಿಗ್ಗೆ ನಾವು ಪಾರಣೆಗೆ ಕೂತರೆ, ಅದೂ ತನ್ನ ಮೊಸರನ್ನಕ್ಕೆ ಓಡಿ ಬಂದು ಬಟ್ಟಲು ನೆಕ್ಕಿ ಬರಿದು ಮಾಡುವುದು.

ಮೂರನೇ ಏಕಾದಶಿಗೆ ಅತ್ತೆ ಜಾಲರಿ ಬಾಗಿಲಿಗೆ ಬಂದು ನಿಂತರು. "ಇವತ್ತು ಹರಿದಿನ ಅಂತ ಅದಕ್ಕ ಹ್ಯಾಂಗ ತಿಳೀತದ ಸುಧಾ? ಯಾವ ಜನ್ಮದ ಪುಣ್ಯಾತ್ಮ ಅದನೋ ಏನೋ!"

ಅಲ್ಲಿಂದ ಬೆಣ್ಣಿಗೆ ಪ್ರಮೋಷನ್ ಮೇಲೆ ಪ್ರಮೋಷನ್. ಮೊದಲು ಹೊಸ್ತಿಲು, ಆಮೇಲೆ ನಡುಮನೆ, ಕೊನೆಗೆ ದೇವರಮನೆಯ ಬಾಗಿಲಿನಿಂದ ನಾಲ್ಕು ಮಾರು ದೂರ. ಮಂಗಳಾರತಿ ಹೊತ್ತಿಗೆ ಅದು ಅಲ್ಲಿ ಕೂತು ಮುಂಗಾಲಿನಿಂದ ಕೆನ್ನೆ ಉಜ್ಜಿಕೊಳ್ಳುತ್ತಿತ್ತು. "ನೋಡ್ರೋ, ಗಲ್ಲ ಬಡ್ಕೊಳ್ಳಿಕ್ಕತ್ತದ!" ಅನ್ನುತ್ತಿದ್ದರು ಅತ್ತೆ. ನಾವು ದೇವರ ಎದುರಿಗೆ ತಪ್ಪಾಯಿತು ಅಂತ ಗಲ್ಲ ಬಡಿದುಕೊಳ್ಳುತ್ತೇವಲ್ಲ, ಹಾಗೆ. ಅದರ ಬಾಯಿ ವಾಸನೆ ಬರುತ್ತಿತ್ತು. ನಮ್ಮ ಮನೆಯವರು ನಗುತ್ತಿದ್ದರು, "ಉಪವಾಸದ ಬಾಯಿ, ಮತ್ತೇನು ಬರ್ತದ?" ಅಂತ.

ಇದನ್ನೆಲ್ಲ ನಾನು ಅಂಕಣದಲ್ಲಿ ಚಂದವಾಗಿ ಬರೆದೆ. ಗಲ್ಲ ಬಡಿದುಕೊಳ್ಳುವುದನ್ನಂತೂ ಒಂದು ಇಡೀ ಪ್ಯಾರಾ.

ಬರೆಯದೆ ಬಿಟ್ಟದ್ದು ಒಂದಿದೆ. ಬೆಣ್ಣಿಗೆ ಸಿಟ್ಟು ಜಾಸ್ತಿಯಾಗಿತ್ತು. ಮರಿಯಾಗಿದ್ದಾಗ ಯಾರ ಮಡಿಲಲ್ಲಾದರೂ ಬಿದ್ದುಕೊಳ್ಳುತ್ತಿದ್ದ ನಾಯಿ, ಈಗ ಮುಖ ಒರೆಸಲು ಹೋದರೆ ಗುರ್ ಅನ್ನುತ್ತಿತ್ತು. ಕೊರಳ ಪಟ್ಟಿ ಹಾಕಲು ಹೋದರೆ ಹಲ್ಲು ತೋರಿಸುತ್ತಿತ್ತು. ಎರಡು ಸಲ ನನ್ನ ಬೆರಳಿಗೆ ಬಾಯಿ ಹಾಕಿತ್ತು. ಸುಮ್ಮನೆ ಮಲಗಿದ್ದದ್ದು ಇದ್ದಕ್ಕಿದ್ದ ಹಾಗೆ ಎದ್ದು ಗೋಡೆಗೆ ಬೊಗಳುತ್ತಿತ್ತು.

ನಾನೇನು ಮಾಡಿದೆ? ಮೊಬೈಲ್ ತೆಗೆದೆ. ವಿಡಿಯೋ ನೋಡಿದೆ. ಸಣ್ಣ ತಳಿಯ ನಾಯಿಗಳ ಸ್ವಭಾವ ಅಂತ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಸಣ್ಣ ನಾಯಿಗಳಿಗೆ ಪುಕ್ಕಲು ಜಾಸ್ತಿ, ಸಿಡುಕು ಜಾಸ್ತಿ, ತಾನು ದೊಡ್ಡ ನಾಯಿ ಅನ್ನುವ ಭ್ರಮೆ ಜಾಸ್ತಿ. ನನಗೆ ಸಮಾಧಾನವಾಯಿತು. ಆಮೇಲೆ ಮನೆಗೆ ಬಂದವರಿಗೆಲ್ಲ ನಾನೇ ಲೆಕ್ಚರ್ ಕೊಡಲು ಶುರು ಮಾಡಿದೆ. "ಪೊಮೆರೇನಿಯನ್ನೇ ಹಾಗೆ. ಬ್ರೀಡಿನ ಸ್ವಭಾವ. ನಾವೇನೂ ಮಾಡೋಕಾಗಲ್ಲ."

ನಾನು ಯಾರು ಗೊತ್ತಲ್ಲ? ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಜೀವಶಾಸ್ತ್ರ ಹೇಳುವವಳು. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು. ಮನುಷ್ಯನಿಗೆ ಮೂವತ್ತೆರಡು, ನಾಯಿಗೆ ನಲವತ್ತೆರಡು. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದವಳು.

ಈ ಆಷಾಢದ ಏಕಾದಶಿ ಬಂತು. ಚಾತುರ್ಮಾಸ ಶುರುವಾಗುವ ದೊಡ್ಡ ಏಕಾದಶಿ. ಅತ್ತೆಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ ಬಂತು. ಡಾಕ್ಟರು ಮೊದಲೇ ಹೆದರಿಸಿದ್ದರಿಂದ ನಾನು ಜಬರದಸ್ತಿ ಮಾಡಿ ಒಂದು ಲೋಟ ಹಾಲು ಕುಡಿಸಿದೆ. ವ್ರತ ಕೆಟ್ಟಿತು ಅಂತ ಅವರಿಗೆ ಮನಸ್ಸಿಗೆ ಚುಚ್ಚಿತು. ಬೆಣ್ಣಿಯ ಬಟ್ಟಲಲ್ಲಿ ಕಾಳು ಹಾಗೇ ಇತ್ತು.

ಮರುದಿನ ದ್ವಾದಶಿ. ಪಾರಣೆ ಮುಗಿಯಿತು. ಮಡಿ ಮುಗಿಸಿ ಅತ್ತೆ ನಡುಮನೆಗೆ ಬಂದು ಬೆಣ್ಣಿಯ ಎದುರಿಗೆ ಕೂತರು. "ನನಗಿಂತ ನೀನೇ ಘಟ್ಟಿ ನೋಡೋ" ಅಂದರು. ಆಮೇಲೆ ಮಾಡಿದ್ದನ್ನು ನೋಡಿ ನಾನು ಕೈಯಲ್ಲಿದ್ದ ತಟ್ಟೆ ಹಿಡಿದು ಹಾಗೇ ನಿಂತೆ. ಹುಟ್ಟಿದಾಗಿನಿಂದ ನಾಯಿ ಮುಟ್ಟದವರು, ಎರಡೂ ಕೈ ಚಾಚಿ ಅದರ ಎರಡೂ ಗಲ್ಲ ಸವರಿದರು. ದೃಷ್ಟಿ ತೆಗೆಯಲಿಕ್ಕೆ! ಮೊಮ್ಮಕ್ಕಳಿಗೆ ತೆಗೆಯುತ್ತಾರಲ್ಲ, ಗಲ್ಲ ಸವರಿ ತಮ್ಮ ಹಣೆಯ ಪಕ್ಕ ಲಟಿಕೆ ಮುರಿಯುವುದು, ಹಾಗೆ.

ಲಟಿಕೆ ಮುರಿಯುವ ತನಕ ಹೋಗಲಿಲ್ಲ. ಬೆಣ್ಣಿ ಕಚ್ಚಿತು.

ಬಲಗೈ ಹೆಬ್ಬೆರಳಿನ ಕೆಳಗೆ. ಆ ವಯಸ್ಸಿನ ಚರ್ಮ ಎಷ್ಟು ತೆಳ್ಳಗಿರುತ್ತದೆ ಅಂತ ನಿಮಗೆ ಗೊತ್ತು. ನಾನು ಕಿರುಚಿದೆ. ಅತ್ತೆ ಕಿರುಚಲಿಲ್ಲ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವ ನರ್ಸ್ "ಮನೆ ನಾಯಿನಾ, ಬೀದಿ ನಾಯಿನಾ?" ಅಂತ ಕೇಳಿದಾಗ ನಾನು ಬಾಯಿ ತೆಗೆಯುವ ಮೊದಲೇ ಅತ್ತೆ "ಬೀದಿ ನಾಯಿ" ಅಂದುಬಿಟ್ಟರು. ಸುಳ್ಳು ಹೇಳಿದವರಲ್ಲ ಅವರು. ದಾರಿಯಲ್ಲಿ ಆಟೋದಲ್ಲಿ ಕೇಳಿದೆ, ಯಾಕೆ ಹಾಗಂದಿರಿ ಅಂತ. "ಮನಿ ನಾಯಿ ಅಂದ್ರ ಅದನ್ನ ಹಿಡ್ಕೊಂಡ್ ಹೋದ್ರ?" ಅಂದರು. ಮನೆ ಹತ್ತಿರ ಬಂದಾಗ, "ನಾನೇ ಮುಟ್ಟಬಾರದಿತ್ತು" ಅಂದರು.

ಹಿಡಿದುಕೊಂಡು ಹೋಗಲು ಬೇರೆ ಯಾರೂ ಬೇಕಾಗಲಿಲ್ಲ. ನಾವೇ ಕಳಿಸಿದೆವು.

ಅತ್ತೆ ಬೇಡ ಅಂದರು. ನಾನು ಕೇಳಲಿಲ್ಲ. ನಮ್ಮ ಶಾಲೆಯ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ ಗಾದಿಲಿಂಗಪ್ಪ ರಿಟೈರಾಗಿ ಕುರುಗೋಡಿನ ತಮ್ಮ ಮನೆಯಲ್ಲಿದ್ದಾರೆ. ಎಮ್ಮೆ ಇದೆ, ಆಡು ಇವೆ, ಅಂಗಳ ಇದೆ. ಫೋನ್ ಮಾಡಿದೆ. ಮರುದಿನ ಬಸ್ಸಿಗೆ ಬಿದಿರಿನ ಬುಟ್ಟಿ ಹಿಡಿದು ಬಂದರು. ಬೆಣ್ಣಿಯನ್ನು ಬುಟ್ಟಿಗೆ ಹಾಕುವಾಗಲೂ ನಾನು ಪಾಠ ಬಿಡಲಿಲ್ಲ. "ನೋಡಿ ಗಾದಿಲಿಂಗಪ್ಪ, ಹುಷಾರು. ಸಿಟ್ಟಿನ ಜಾತಿ. ಇದರ ಸ್ವಭಾವವೇ ಹೀಗೆ." ಅವರು ತಲೆ ಆಡಿಸಿದರು. ಇಪ್ಪತ್ತು ವರ್ಷ ನನ್ನ ಪಾಠ ಬಾಗಿಲಲ್ಲಿ ನಿಂತು ಕೇಳಿದವರು, ಇದನ್ನೂ ಕೇಳಿಸಿಕೊಂಡರು.

ಎರಡನೇ ದಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆಗೆಯುತ್ತಿದ್ದೆ. ಫೋನ್ ಬಂತು.

"ಮೇಡಂ, ನಾ ಗಾದಿಲಿಂಗಪ್ಪ ಮಾತಾಡಾಕತ್ತೀನ್ರಿ. ನಿಮ್ಮ ನಾಯಿ ಬಾಯಾಗ ಹಲ್ಲು ಕೊಳ್ತು ಕೀವು ತುಂಬೈತ್ರಿ."

"ಏನು?"

"ಎರಡೂ ಕಡೀ ದವಡಿ ಊದೈತ್ರಿ. ಕೂದಲಾಗ ಕಾಣಂಗಿಲ್ಲ. ಹುಲಿಗೆಮ್ಮ ನೋಡಿದ್ಳು." ಹುಲಿಗೆಮ್ಮ ಅವರ ಹೆಂಡತಿ. ಆಮೇಲೆ ಕೇಳಿದರು, "ನೀವು ಬಾಯಿ ನೋಡಿದ್ದಿಲ್ಲೇನ್ರಿ ಮೇಡಂ? ನಲವತ್ತೆರಡು ಅಂತ ನೀವೇ ಹೇಳತಿದ್ರಲ್ರಿ."

ಕುಹಕ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು, ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಡಬ್ಬಿ ಮುಚ್ಚಿದೆ.

ಹುಲಿಗೆಮ್ಮ ಏನು ಮಾಡಿದ್ದರು? ಅವರ ಮನೆಯಲ್ಲಿ ಹೊಸದಾಗಿ ಯಾವ ಜೀವ ಬಂದರೂ ಮಾಡುವುದನ್ನೇ ಮಾಡಿದ್ದರು. ಹಣೆಗೆ ಕುಂಕುಮ ಹಚ್ಚಿ, ಬಾಯಿ ತೆರೆದು ಹಲ್ಲು ನೋಡುವುದು. ಎತ್ತು ತಂದರೂ ಅಷ್ಟೇ, ಆಡಿನ ಮರಿ ತಂದರೂ ಅಷ್ಟೇ. ಬೆಣ್ಣಿ ಬಾಯಿ ಹಾಕಲು ಬಂದಾಗ ಟವೆಲಿನಲ್ಲಿ ಸುತ್ತಿ, ಹಿಂದಿನಿಂದ ಹಿಡಿದು, ತುಟಿಯ ಅಂಚನ್ನು ಹೆಬ್ಬೆರಳಿನಿಂದ ಮೇಲಕ್ಕೆತ್ತಿದರಂತೆ. ಅಷ್ಟೇ. ನಾಲ್ಕು ವರ್ಷ ನಮ್ಮ ಮನೆಯಲ್ಲಿ ಯಾರೂ ಮಾಡದ ಕೆಲಸ.

ಮರುದಿನ ಗಾದಿಲಿಂಗಪ್ಪ ಅದೇ ಬುಟ್ಟಿಯಲ್ಲಿ ಬೆಣ್ಣಿಯನ್ನು ಬಳ್ಳಾರಿಗೆ ತಂದರು. ನಾನು ರಜೆ ಹಾಕಿ ಪಶುವೈದ್ಯರ ಹತ್ತಿರ ಹೋದೆ. ಒಂಬತ್ತು ಹಲ್ಲು ತೆಗೆದರು. ಸಣ್ಣ ತಳಿಗಳ ಬಾಯಿ ಚಿಕ್ಕದು, ಹಲ್ಲಿನ ಸಂಖ್ಯೆ ಮಾತ್ರ ದೊಡ್ಡ ನಾಯಿಯಷ್ಟೇ ಅಂತ ಡಾಕ್ಟರ್ ಹೇಳಿದರು. ಹಾಲುಹಲ್ಲು ಬೀಳದೆ ಹಾಗೇ ಉಳಿದು, ಅದರ ಪಕ್ಕದಲ್ಲೇ ಹೊಸ ಹಲ್ಲು ಬಂದು, ಸಂದಿಯಲ್ಲಿ ಕೂತದ್ದು ಕೊಳೆತು, ಒಸಡಿಗೆ ಇಳಿದಿತ್ತು. "ಎಷ್ಟು ದಿನದಿಂದ ಗಟ್ಟಿ ಪದಾರ್ಥ ತಿಂತಿಲ್ಲ?" ಅಂತ ಕೇಳಿದರು.

ನನಗೆ ದಿನಾಂಕ ಸಹಿತ ಗೊತ್ತಿತ್ತು. ಪಂಚಾಂಗದಲ್ಲಿ ಇದೆ. ಎರಡು ವರ್ಷದ ಎಲ್ಲ ಏಕಾದಶಿಗಳು.

ಹೇಳಲಿಲ್ಲ. ಯಾವ ಬಾಯಿಂದ ಹೇಳಲಿ? ಮೆತ್ತಗಿನ ಮೊಸರನ್ನ ಅಗಿಯದೆ ನುಂಗುತ್ತಿತ್ತು, ಗಟ್ಟಿ ಕಾಳು ಅಗಿಯಲು ಆಗುತ್ತಿರಲಿಲ್ಲ, ಅದಕ್ಕೆ ಬಿಡುತ್ತಿತ್ತು. ಗಲ್ಲ ಬಡಿದುಕೊಂಡದ್ದು ನೋವಿಗೆ. ಬಾಯಿ ನಾರಿದ್ದು ಕೀವಿಗೆ. ಗೋಡೆಗೆ ಬೊಗಳಿದ್ದು ಮಲಗಿದಾಗ ದವಡೆ ನೆಲಕ್ಕೆ ತಗಲಿ. ಅತ್ತೆ ಸವರಿದ್ದು ಸರಿಯಾಗಿ ಹುಣ್ಣಿನ ಮೇಲೆ. ಒಂದೊಂದನ್ನೂ ನಾವು ನೋಡಿದ್ದೆವು. ನೋಡಿದ್ದು ಮಾತ್ರವಲ್ಲ, ನಾನು ಅಚ್ಚು ಹಾಕಿಸಿದ್ದೆ.

ಯಾಕೆ ಒಬ್ಬರೂ ಒಂದು ಸಲ ತುಟಿ ಎತ್ತಿ ನೋಡಲಿಲ್ಲ? ಪ್ರಾಮಾಣಿಕವಾಗಿ ಹೇಳಲಾ? ಅದು ಹಸಿದಿದ್ದರಿಂದಲೇ ಒಳಗೆ ಬಂದದ್ದು. ಏಕಾದಶಿ ಮಾಡುವ ನಾಯಿ ಅಂತ ಅತ್ತೆ ಬಾಗಿಲು ತೆರೆದಿದ್ದರು. ಮನೆಯಲ್ಲಿ ಜಗಳ ನಿಂತಿತ್ತು. ನನಗೆ ಒಂದು ಅಂಕಣ ಸಿಕ್ಕಿತ್ತು. ಎಲ್ಲರಿಗೂ ಅನುಕೂಲವಾಗಿತ್ತು, ಅದೊಂದನ್ನು ಬಿಟ್ಟು.

ಇನ್ನು ಸಿಟ್ಟಿಗೆ ಸ್ವಭಾವ ಅನ್ನುವ ಪದ ಇತ್ತು. ಎಂಥ ಆರಾಮದ ಪದ ಅದು! ಒಮ್ಮೆ ಸ್ವಭಾವ ಅಂದುಬಿಟ್ಟರೆ ಮುಂದೆ ಏನೂ ಕೇಳಬೇಕಾಗಿಲ್ಲ. ಸಣ್ಣ ನಾಯಿಗೆ ಅಂಜಿಕೆ ಜಾಸ್ತಿ ಇರಬಹುದು, ಗಲಾಟೆ ಜಾಸ್ತಿ ಇರಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಮಡಿಲಲ್ಲಿ ಮಲಗುತ್ತಿದ್ದ ನಾಯಿ ಮುಟ್ಟಿಸಿಕೊಳ್ಳಲಿಕ್ಕೇ ಒಲ್ಲದಾದರೆ, ಅದು ಬ್ರೀಡು ಬದಲಾಯಿಸಿದೆಯಾ? ಇಷ್ಟು ಕೇಳಿಕೊಳ್ಳಲು ಜೀವಶಾಸ್ತ್ರ ಸಹ ಬೇಡ. (ನಮ್ಮ ಅತ್ತೆಯವರ ಬಗ್ಗೆಯೂ ಮೂವತ್ತು ವರ್ಷ ನಾನು ಹೀಗೇ ಹೇಳಿಕೊಂಡು ಬಂದಿದ್ದೇನೆ. ಅವರ ಸ್ವಭಾವವೇ ಹಾಗೆ, ಕಲ್ಲು ಅಂತ. ಆ ಕಲ್ಲು ಒಂದು ನಾಯಿಗೋಸ್ಕರ ಆಸ್ಪತ್ರೆಯಲ್ಲಿ ಸುಳ್ಳು ಹೇಳಿತು.)

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಹೂಬತ್ತಿ ಮಾಡುತ್ತಿದ್ದರು. ಕೈ ನಿಂತಿತು. "ಹಂಗಾದ್ರ ಅದು ಹಸಿದಿತ್ತಾ?" ಅಂದರು. ನಾನು ಹೂಂ ಅಂದೆ. "ಅಷ್ಟೂ ದಿನ?" ಅಂದರು. ಅವತ್ತು ಅವರು ಅರಳೆಯನ್ನೆಲ್ಲ ಡಬ್ಬಿಗೆ ತುಂಬಿ ಎದ್ದುಹೋದರು.

ಬೆಣ್ಣಿಯ ಬಾಯಿ ಮಾಯುವ ತನಕ ಕುರುಗೋಡಿನಲ್ಲೇ ಇರಲಿ ಅಂತಾಯಿತು. ಆಮೇಲೆ ಕರೆದುಕೊಂಡು ಬರುವುದು ಅಂತ ನಾವು ಮೂವರೂ ಮನಸ್ಸಿನಲ್ಲೇ ಅಂದುಕೊಂಡಿದ್ದೆವು. ಮೊನ್ನೆ ಹೋದೆವು. ದಿನ ಆರಿಸಿದ್ದು ಅತ್ತೆ. ನಾನು ಕ್ಯಾಲೆಂಡರ್ ನೋಡಿ, "ಅವತ್ತು ಏಕಾದಶಿ ಅಲ್ಲೇನತ್ತಿ?" ಅಂದೆ. "ಗೊತ್ತದ" ಅಂದರು.

ಕುರುಗೋಡಿನಲ್ಲಿ ಹುಲಿಗೆಮ್ಮನ ಅಂಗಳಕ್ಕೆ ಕಾಲಿಟ್ಟಾಗ ಬೆಣ್ಣಿ ಎಮ್ಮೆಯ ಗೋದಲಿ ಪಕ್ಕ ನೆರಳಿನಲ್ಲಿ ಬಿದ್ದುಕೊಂಡಿತ್ತು. ದವಡೆಯನ್ನು ಪೂರ್ತಿ ನೆಲಕ್ಕೆ ಒತ್ತಿ ಮಲಗಿತ್ತು. ಹಾಗೆ ಮಲಗಿದ್ದನ್ನು ನಾನು ನೋಡಿಯೇ ಎರಡು ವರ್ಷವಾಗಿತ್ತು. ಹುಲಿಗೆಮ್ಮ ಅದನ್ನು ಎತ್ತಿಕೊಂಡು ಬಂದು, ನನಗೆ ತೋರಿಸಲೆಂದು, ತುಟಿ ಎತ್ತಿದರು. ಗುರ್ ಅನ್ನಲಿಲ್ಲ. ಒಸಡು ಗುಲಾಬಿ ಬಣ್ಣಕ್ಕೆ ಬಂದಿತ್ತು.

"ಎಲ್ಲೈತ್ರಿ ಇದಕ್ಕ ಸಿಟ್ಟು?" ಅಂದರು ಹುಲಿಗೆಮ್ಮ. "ಆಡಮರಿ ಇದರ ಮ್ಯಾಲ ಮಲಗ್ತಾವು, ಸುಮ್ಮನಿರ್ತೈತ್ರಿ."

ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. "ಏನು ಹಾಕ್ತೀಯವ್ವಾ ಅದಕ್ಕ?" ಅಂದರು.

"ಅನ್ನ ಮಸರು ಕಲಸಿ ಹಾಕ್ತೀನ್ರಿ, ಅಮ್ಮಾರ. ಈಗ ಹಾಕಾಕ ನಿಂತಿದ್ದೆ, ನೀವು ಬಂದ್ರಿ."

"ತಾ ಇಲ್ಲಿ. ನಾ ಕಲಸ್ತೀನಿ."

ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಏಕಾದಶಿಯ ದಿನ ಅನ್ನದ ಹೆಸರು ಎತ್ತಿದರೆ ಬೈಯುವವರು. ಪಾತ್ರೆ ತೊಡೆಯ ಮೇಲೆ ಇಟ್ಟುಕೊಂಡು, ಕಚ್ಚಿದ ಗಾಯದ ಕಲೆ ಇನ್ನೂ ಮಾಸದ ಬಲಗೈಯನ್ನು ಅನ್ನಕ್ಕೆ ಹಾಕಿದರು. ನುರಿದರು. ಒಂದು ಅಗುಳು ಉಳಿಯದ ಹಾಗೆ ನುರಿದರು. ಹಲ್ಲು ಬಾರದ ಕೂಸಿಗೆ ಕಲಸುತ್ತಾರಲ್ಲ, ಹಾಗೆ. ಮೊಸರು ಹಾಕಿದರು, ಮತ್ತೆ ನುರಿದರು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ.

ಪಾತ್ರೆ ನೆಲಕ್ಕಿಟ್ಟು, "ಬಾ ಬೆಣ್ಣಿ" ಅಂದರು.

ಬೆಣ್ಣಿ ಬಂತು. ಅರ್ಧ ದಾರಿ ಬಂದು ನಿಂತಿತು. ಅನ್ನವನ್ನು ನೋಡಲಿಲ್ಲ, ಅತ್ತೆಯ ಕೈ ನೋಡಿತು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. ಇನ್ನೂ ಬರಲಿಲ್ಲ. ಅತ್ತೆ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಆಗ ಬಂದು ತಿಂದಿತು. ಪಾತ್ರೆಯ ತಳ ನೆಕ್ಕುವ ತನಕ ತಿಂದಿತು. ಅತ್ತೆ ಸವರಲು ಹೋಗಲಿಲ್ಲ.

"ಕರ್ಕಂಡು ಹೋಗ್ರಿ ಮೇಡಂ, ನಿಮ್ದೈತಿ" ಅಂದರು ಗಾದಿಲಿಂಗಪ್ಪ, ಬಿದಿರಿನ ಬುಟ್ಟಿ ತೆಗೆಯುತ್ತ. ಬುಟ್ಟಿ ಕಂಡದ್ದೇ ಬೆಣ್ಣಿ ಹುಲಿಗೆಮ್ಮನ ಸೀರೆಯ ಹಿಂದೆ ಹೋಗಿ ನಿಂತಿತು.

"ಬ್ಯಾಡ. ಇಲ್ಲೇ ಇರ್ಲಿ" ಅಂದರು ಅತ್ತೆ. "ಇಲ್ಲಿ ಅದರ ಬಾಯಿ ನೋಡೋರು ಇದ್ದಾರ."

ಬರಿಗೈಯಲ್ಲಿ ಬಸ್ ಹತ್ತಿದೆವು. ಹೋದ ವರ್ಷದ ಅಂಕಣ ಕತ್ತರಿಸಿ ಇಟ್ಟುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಅದರ ಕೆಳಗೆ ಈ ಒಂದು ಸಾಲು ಬರೆದುಕೊಳ್ಳಿ.

ಆ ಎರಡು ವರ್ಷ ನಮ್ಮ ಮನೆಯಲ್ಲಿ ಏಕಾದಶಿ ಮಾಡಿದವರು ಮೂವರೇ. ಬೆಣ್ಣಿ ಬರೀ ಹಸಿದಿತ್ತು.